ಚರ್ಚಲ್ಲಿ ಕೀಬೋರ್ಡ್ ಬೇಡ ಅನ್ನೋರು ಯಾಕೆ ಬೇಡ ಅಂತಾರೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ಈ ಸಂಚಿಕೆಯ ವಿಷಯದಲ್ಲಿ ನಾನು ಪೂರ್ತಿ ಹೊರಗಿನವನಲ್ಲ. ನಾನು ನಮ್ಮ ಚರ್ಚಲ್ಲಿ ಕೀಬೋರ್ಡ್ ನುಡಿಸ್ತೀನಿ, ಆರು ವರ್ಷದಿಂದ. ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಆರಾಧನೆ ಮಧ್ಯದಲ್ಲೇ ಕರೆಂಟ್ ಹೋಯ್ತು. ಯುಪಿಎಸ್ ಕೈಕೊಟ್ಟಿತ್ತು. ಮೈಕ್ ಇಲ್ಲ, ಕೀಬೋರ್ಡ್ ಇಲ್ಲ, ಫ್ಯಾನ್ ಕೂಡ ಇಲ್ಲ. ನಾನು ಸುಮ್ಮನೆ ಕೈಕಟ್ಟಿ ಕೂತೆ. ಜನ ಹಾಡು ನಿಲ್ಲಿಸಲಿಲ್ಲ. ಮೂರನೇ ಸಾಲಿನ ಬೆಂಚಿಂದ ನನ್ನ ಅಜ್ಜಿ ದನಿ ಕೇಳಿಸ್ತು. ಆರು ವರ್ಷದಲ್ಲಿ ಚರ್ಚೊಳಗೆ ಅಜ್ಜಿ ಹಾಡೋದನ್ನ ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದ್ಮೇಲೆ ಕೇಳಿದೆ, "ಯಾಕಜ್ಜಿ, ಬೇರೆ ದಿನ ನೀವು ಹಾಡಲ್ವಾ?" ಅಂತ. "ನಿನ್ನ ಪೆಟ್ಟಿಗೆ ಅಷ್ಟು ಜೋರಾಗಿ ಹಾಡ್ತಿರುವಾಗ ನಾನ್ಯಾಕೋ ಹಾಡ್ಲಿ" ಅಂದ್ರು. ಬೈದಿದ್ದಲ್ಲ, ನಗ್ತಾನೇ ಅಂದಿದ್ದು. ಆದ್ರೂ ಚುಚ್ಚಿತು. ಅದೇ ಹೊತ್ತಿಗೆ ನಮ್ಮ ಯುವಕ ಸಂಘದೋರು ಡ್ರಮ್ ಸೆಟ್ ತರಬೇಕು ಅಂತ ಕಮಿಟಿಗೆ ಅರ್ಜಿ ಕೊಟ್ಟಿದ್ರು. ಅರ್ಜಿಗೆ ನನ್ನ ಸಹಿಯೂ ಇತ್ತು.

ಆಮೇಲೆ ಓದ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಆಶ್ಚರ್ಯ ಹುಟ್ಟಿಸ್ತು. ಇವತ್ತು ಚರ್ಚ್ ಅಂದ ಕೂಡಲೇ ಕಣ್ಣಿಗೆ ಬರೋದು ಆರ್ಗನ್ನು, ಪಿಯಾನೊ, ಗಿಟಾರ್. ಆದರೆ ಕ್ರೈಸ್ತ ಸಭೆಯ ಮೊದಲ ಹಲವು ಶತಮಾನಗಳಲ್ಲಿ ಆರಾಧನೆಯಲ್ಲಿ ವಾದ್ಯವೇ ಇರಲಿಲ್ಲ. ಬರೀ ಬಾಯಿ ಹಾಡು. ವಾದ್ಯವಿಲ್ಲದ ಹಾಡಿಗೆ ಈಗ ಜಗತ್ತೆಲ್ಲ ಬಳಸೋ 'ಅ ಕಪೆಲ್ಲ' ಅನ್ನೋ ಇಟಾಲಿಯನ್ ಮಾತಿಗೆ ಅರ್ಥವೇ 'ಚಾಪೆಲ್‌ನ ರೀತಿಯಲ್ಲಿ' ಅಂತ.

ಹಾಗಾದ್ರೆ ಬೈಬಲ್ಲಲ್ಲಿ ವಾದ್ಯ ಇಲ್ವಾ? ಇದೆ, ಧಾರಾಳವಾಗಿದೆ. ಹಳೆಯ ಒಡಂಬಡಿಕೆಯ 150ನೇ ಕೀರ್ತನೆ ತೆಗೆದು ನೋಡಿ. ತುತೂರಿ, ತಂತಿವಾದ್ಯ, ಕೊಳಲು, ತಾಳ, ದಮ್ಮಡಿ ಎಲ್ಲದರಿಂದಲೂ ದೇವರನ್ನು ಸ್ತುತಿಸಿ ಅನ್ನುತ್ತೆ. ಯೆರೂಸಲೇಮಿನ ದೇವಾಲಯದಲ್ಲಿ ಲೇವಿಯರು ನುಡಿಸೋದೇ ಕೆಲಸವಾಗಿ ಮಾಡ್ತಿದ್ರು. ಆದರೆ ಹೊಸ ಒಡಂಬಡಿಕೆಗೆ ಬಂದ್ರೆ, ಸಭೆಯ ಆರಾಧನೆ ವಿಷಯದಲ್ಲಿ ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳಲ್ಲಿ ಹಾಡಿ ಅಂತ ಹೇಳ್ತಾನೆ, ಮನಸ್ಸಿನಿಂದ ಹಾಡಿ ಅಂತ ಹೇಳ್ತಾನೆ. ವಾದ್ಯ ನುಡಿಸಿ ಅಂತಲೂ ಹೇಳಲ್ಲ, ನುಡಿಸಬೇಡಿ ಅಂತಲೂ ಹೇಳಲ್ಲ. ಎರಡು ಸಾವಿರ ವರ್ಷದ ಜಗಳ ನಿಂತಿರೋದು ಈ ಮೌನದ ಮೇಲೆ.

ಅಮ್ಮ ನಿಮ್ಮನ್ನ ಅಂಗಡಿಗೆ ಕಳಿಸ್ತಾರೆ ಅಂದ್ಕೊಳ್ಳಿ. ಚೀಟಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ ಅಂತ ಬರೆದಿದ್ದಾರೆ. ನೀವು ಜೊತೆಗೆ ಒಂದು ಚಾಕೊಲೇಟ್ ತಂದ್ರಿ. "ಯಾಕೆ ತಂದೆ?" ಅಂದ್ರೆ "ತರಬೇಡ ಅಂತ ನೀವು ಹೇಳಿರಲಿಲ್ವಲ್ಲ" ಅಂತೀರಿ. ಅಮ್ಮ ಏನಂತಾರೆ? ಚೀಟಿಯಲ್ಲಿ ಬರೆದಿದ್ದು ಮಾತ್ರ ತರಬೇಕು ಅನ್ನೋರು ಕ್ಯಾಲ್ವಿನ್‌ನ ದಾರಿಯವರು. ಬೇಡ ಅನ್ನದೇ ಇರೋದನ್ನ ತಂದ್ರೆ ತಪ್ಪಿಲ್ಲ ಅನ್ನೋರು ಲೂಥರ್‌ನ ದಾರಿಯವರು. ಇಬ್ಬರೂ ಒಂದೇ ಚೀಟಿ ಹಿಡ್ಕೊಂಡು ಮಾತಾಡ್ತಿರೋದು.

ಆದ್ರೆ ಮೊದಲ ಕಾಲದ ಸಭೆಯ ಪಿತೃಗಳಿಗೆ ಚಿಂತೆ ಬೇರೆಯದೇ ಇತ್ತು. ರೋಮನ್ ಊರುಗಳಲ್ಲಿ ಕೊಳಲು, ತಂತಿವಾದ್ಯ ಅಂದ್ರೆ ನಾಟಕಶಾಲೆ, ಕುಡಿತದ ಔತಣ, ಬೇರೆ ದೇವತೆಗಳ ಉತ್ಸವ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಇಂಥ ಔತಣಗಳ ಕೊಳಲು ವಾದನವನ್ನ ಟೀಕಿಸಿದ್ದ. 4ನೇ ಶತಮಾನದ ಕೊನೆಯ ಹೊತ್ತಿಗೆ ಜಾನ್ ಕ್ರಿಸೊಸ್ಟಮ್, ಹಿಂದಿನವರ ದೌರ್ಬಲ್ಯ ನೋಡಿ ದೇವರು ವಾದ್ಯಕ್ಕೆ ಒಪ್ಪಿದ್ದ ಅನ್ನೋ ಅರ್ಥದಲ್ಲಿ ವಿವರಿಸಿದ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೆ ಯೆಹೂದ್ಯರ ಸಭಾಮಂದಿರಗಳಲ್ಲೂ ವಾದ್ಯ ಇರಲಿಲ್ಲ ಅನ್ನೋದು ನೆನಪಿರಲಿ.

ಇನ್ನು ಆರ್ಗನ್. ಅದು ಹುಟ್ಟಿದ್ದು ಚರ್ಚಿಗಾಗಿ ಅಲ್ಲವೇ ಅಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಅನ್ನೋ ತಂತ್ರಜ್ಞ ನೀರಿನ ಒತ್ತಡ ಬಳಸಿ ಮಾಡಿದ ಯಂತ್ರ ಅದು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದು ಅರಮನೆ ಸಮಾರಂಭದ, ರಥದ ಓಟದ ಮೈದಾನದ ವಾದ್ಯ. ಈಗಿನ ಲೆಕ್ಕದಲ್ಲಿ ಐಪಿಎಲ್ ಸ್ಟೇಡಿಯಂ ಸ್ಪೀಕರ್ ಇದ್ದ ಹಾಗೆ. 757ರಲ್ಲಿ ಅಲ್ಲಿನ ಚಕ್ರವರ್ತಿ 5ನೇ ಕಾನ್‌ಸ್ಟಂಟೈನ್, ಫ್ರಾಂಕರ ದೊರೆ ಪೆಪಿನ್‌ಗೆ ಒಂದು ಆರ್ಗನ್ ಉಡುಗೊರೆಯಾಗಿ ಕಳಿಸಿದ. ಅಲ್ಲಿಂದ ಮುಂದೆ ಪಶ್ಚಿಮ ಯುರೋಪಿನ ಮಠಗಳಿಗೆ, ಚರ್ಚುಗಳಿಗೆ ಮೆಲ್ಲಗೆ ನುಗ್ಗಿತು. ತಮಾಷೆ ನೋಡಿ, ಆರ್ಗನ್ ಕಳಿಸಿಕೊಟ್ಟ ಪೂರ್ವದ ಆರ್ಥೊಡಾಕ್ಸ್ ಸಭೆಗಳವರು ಇವತ್ತಿಗೂ ಹೆಚ್ಚಾಗಿ ವಾದ್ಯವಿಲ್ಲದೇ ಹಾಡ್ತಾರೆ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಯವರು ಮಾತ್ರ ದೊಡ್ಡ ಡೋಲು, ಗಿಲಕಿಯಂಥ ಕೈವಾದ್ಯ ಹಿಡಿದು, ಹೆಜ್ಜೆ ಹಾಕ್ಕೊಂಡೇ ಸ್ತುತಿಸ್ತಾರೆ. ಯೂಟ್ಯೂಬಲ್ಲಿ ನೋಡಿ, ಚೆನ್ನಾಗಿರುತ್ತೆ.

13ನೇ ಶತಮಾನದ ಥಾಮಸ್ ಅಕ್ವಿನಾಸ್ ಕೂಡ ಸಭೆಯಲ್ಲಿ ತಂತಿವಾದ್ಯ ಬಳಸೋದಿಲ್ಲ ಅಂತಲೇ ಬರೆದಿದ್ದ.

ನನ್ನನ್ನು ತುಂಬಾ ಕಾಡಿದ್ದು ಜ್ಯೂರಿಕ್‌ನ ಉಲ್‌ರಿಕ್ ಜ್ವಿಂಗ್ಲಿ. ಧರ್ಮ ಸುಧಾರಕರಲ್ಲೇ ದೊಡ್ಡ ಸಂಗೀತಗಾರ ಈತ. ಲ್ಯೂಟ್, ಹಾರ್ಪ್, ಕೊಳಲು, ಹೀಗೆ ಹಲವು ವಾದ್ಯ ನುಡಿಸ್ತಿದ್ದ. ಅಂಥವನೇ ತನ್ನ ಊರಿನ ಚರ್ಚುಗಳ ಆರಾಧನೆಯಿಂದ ಸಂಗೀತವನ್ನ ಪೂರ್ತಿ ಹೊರಗಿಟ್ಟ. ವಾದ್ಯ ಮಾತ್ರ ಅಲ್ಲ, ಹಾಡನ್ನೂ! ಗ್ರೋಸ್‌ಮುನ್‌ಸ್ಟರ್ ಅನ್ನೋ ದೊಡ್ಡ ಚರ್ಚಿನ ಆರ್ಗನ್ನನ್ನು 1527ರಲ್ಲಿ ಬಿಚ್ಚಿ ಹಾಕಿದ್ರು. ಜ್ಯೂರಿಕ್‌ನ ಚರ್ಚುಗಳಲ್ಲಿ ಹಾಡು ವಾಪಸ್ ಬಂದಿದ್ದು 1598ರಲ್ಲಿ. ಸಂಗೀತ ಗೊತ್ತಿಲ್ಲದೇ ಇರೋನು ಬೇಡ ಅಂದಿದ್ರೆ ಅರ್ಥ ಮಾಡ್ಕೋಬಹುದಿತ್ತು. ನನಗನ್ನಿಸೋದು, ಸಂಗೀತಕ್ಕೆ ಮನಸ್ಸನ್ನ ಎಳೆಯೋ ಶಕ್ತಿ ಎಷ್ಟಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನೂ ಎಷ್ಟೋ ಸಲ ಪ್ರಾರ್ಥನೆ ನಡೀತಿರುವಾಗ ಮುಂದಿನ ಹಾಡಿನ ಕಾರ್ಡ್ಸ್ ಯೋಚಿಸ್ತಾ ಕೂತಿದ್ದೀನಿ.

ಜಿನೀವಾದ ಕ್ಯಾಲ್ವಿನ್ ಅಷ್ಟು ದೂರ ಹೋಗಲಿಲ್ಲ. ಎಲ್ಲರೂ ಸೇರಿ ಕೀರ್ತನೆ ಹಾಡಲಿ, ವಾದ್ಯ ಬೇಡ, ಅಷ್ಟೇ. ಅವನ ಪ್ರಭಾವ ಸ್ಕಾಟ್ಲೆಂಡಿಗೆ ಹೋಯ್ತು. ಅಲ್ಲಿನ ಫ್ರೀ ಚರ್ಚ್, ಕೀರ್ತನೆ ಬಿಟ್ಟು ಬೇರೆ ಗೀತೆ ಹಾಡೋಕೆ ಮತ್ತು ವಾದ್ಯ ಬಳಸೋಕೆ ಸಭೆಗಳಿಗೆ ಅನುಮತಿ ಕೊಟ್ಟಿದ್ದು 2010ರಲ್ಲಿ. ಹೌದು, ವಾಟ್ಸಾಪ್ ಬಂದ ಮೇಲೆ! ಅದೂ ಮತ ಹಾಕಿ, ತುಸುವೇ ಅಂತರದಲ್ಲಿ. ಲಂಡನ್ನಿನ ಪ್ರಖ್ಯಾತ ಬ್ಯಾಪ್ಟಿಸ್ಟ್ ಬೋಧಕ ಸ್ಪರ್ಜನ್ ಕೂಡ ತನ್ನ ಸಾವಿರಾರು ಜನರ ಸಭೆಯನ್ನ ಆರ್ಗನ್ ಇಲ್ಲದೇ ಹಾಡಿಸ್ತಿದ್ದ.

ಈಗ ಅಮೆರಿಕಕ್ಕೆ ಬರೋಣ. ಈ ಜಗಳದಲ್ಲಿ ಒಂದು ಸಭಾ ಪಂಗಡವೇ ಎರಡಾದ ಕಥೆ ಇದು. ಕೆಂಟಕಿ ರಾಜ್ಯದಲ್ಲಿ ಮಿಡ್‌ವೇ ಅಂತ ಒಂದು ಪುಟ್ಟ ಊರು. ಬೈಬಲ್ಲಲ್ಲಿ ಇದ್ದ ಹಾಗೇ ಸಭೆ ನಡೆಸಬೇಕು ಅಂತ ಹೊರಟ ಚಳವಳಿಗೆ ಸೇರಿದ ಸಭೆ ಅಲ್ಲಿತ್ತು. ಪಿಂಕರ್‌ಟನ್ ಅನ್ನೋರು ಬೋಧಕರು. ಜನರ ಹಾಡು ಎಷ್ಟು ಕೆಟ್ಟದಾಗಿತ್ತು ಅಂದ್ರೆ ಅದನ್ನ ಕೇಳಿ ಇಲಿಗಳೂ ಓಡಿಹೋಗಬೇಕು ಅನ್ನೋ ಅರ್ಥದಲ್ಲಿ ಅವರೇ ಗೇಲಿ ಮಾಡಿದ್ರಂತೆ. 1860ರ ಆಸುಪಾಸಿನಲ್ಲಿ ಶ್ರುತಿ ಸರಿಮಾಡ್ಕೊಳ್ಳೋಕೆ ಅಂತ ಅಭ್ಯಾಸದ ದಿನ ಒಂದು ಮೆಲೋಡಿಯನ್ ತಂದ್ರು. ಮೆಲೋಡಿಯನ್ ಅಂದ್ರೆ ಕಾಲಲ್ಲಿ ತಿದಿ ಒತ್ತಿ ನುಡಿಸೋ ಪುಟ್ಟ ಆರ್ಗನ್, ನಮ್ಮ ಹಾರ್ಮೋನಿಯಂನ ದೂರದ ನೆಂಟ. ಅಭ್ಯಾಸಕ್ಕೆ ಬಂದದ್ದು ಭಾನುವಾರದ ಆರಾಧನೆಗೂ ಬಂತು.

ಸಭೆಯ ಹಿರಿಯರೊಬ್ಬರಿಗೆ ಇದು ಸಹಿಸಲಿಲ್ಲ. ಒಂದು ರಾತ್ರಿ ತಮ್ಮ ಗುಲಾಮನನ್ನ ಕಿಟಕಿಯಿಂದ ಒಳಗೆ ಇಳಿಸಿ, ಮೆಲೋಡಿಯನ್ನನ್ನು ಹೊತ್ತೊಯ್ದರು ಅನ್ನೋದು ಆ ಸಭೆಗಳಲ್ಲಿ ಇವತ್ತಿಗೂ ಹೇಳೋ ಕಥೆ. ಸಭೆಯವರು ಇನ್ನೊಂದನ್ನ ತಂದ್ರಂತೆ. ಈ ಕಥೆ ಹೇಳೋರೆಲ್ಲ ನಗ್ತಾರೆ. ನನಗೆ ಮಾತ್ರ ಕಿಟಕಿಯಲ್ಲಿ ಇಳಿದ ಆ ಮನುಷ್ಯನದೇ ಯೋಚನೆ. ಆರಾಧನೆಯಲ್ಲಿ ಪೆಟ್ಟಿಗೆ ಇರಬಹುದಾ ಅಂತ ಬೈಬಲ್ ತೆರೆದು ವಾದಿಸ್ತಿದ್ದ ಊರಲ್ಲಿ, ಒಬ್ಬ ಮನುಷ್ಯನನ್ನ ಇನ್ನೊಬ್ಬ ಇಟ್ಕೊಂಡಿದ್ದ.

ಅಂತರ್ಯುದ್ಧ ಮುಗೀತು. ಉತ್ತರದ ಪಟ್ಟಣಗಳಲ್ಲಿ ಹಣವಿದ್ದ ಸಭೆಗಳು ದೊಡ್ಡ ಕಟ್ಟಡ ಕಟ್ಟಿ ಆರ್ಗನ್ ಹಾಕಿಸಿದ್ವು. ಸೋತು ಬಡವಾದ ದಕ್ಷಿಣದ ಹಳ್ಳಿ ಸಭೆಗಳಿಗೆ ಅದನ್ನ ನೋಡಿ ಮೈ ಉರೀತು. ಹಾಗಾಗಿ ಇದು ಬರೀ ಬೈಬಲ್ ವಾದವಲ್ಲ, ಇದರೊಳಗೆ ಯುದ್ಧದ ಗಾಯವೂ ದುಡ್ಡಿನ ಸಿಟ್ಟೂ ಇತ್ತು ಅನ್ನೋ ಇತಿಹಾಸಕಾರರಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತೆ. 1906ರ ಅಮೆರಿಕದ ಧಾರ್ಮಿಕ ಗಣತಿಯಲ್ಲಿ 'ಚರ್ಚಸ್ ಆಫ್ ಕ್ರೈಸ್ಟ್' ಮೊದಲ ಸಲ ಬೇರೆ ಪಂಗಡವಾಗಿ ದಾಖಲಾಯ್ತು. ಸದಸ್ಯರು ಸುಮಾರು 1 ಲಕ್ಷ 60 ಸಾವಿರ, ಹೆಚ್ಚಿನವರು ದಕ್ಷಿಣದವರು. ಭಿನ್ನಾಭಿಪ್ರಾಯ ಬೇರೆಯೂ ಇದ್ದವು, ಆದರೆ ಎಲ್ಲರ ಕಣ್ಣಿಗೆ ಕಾಣೋ ಗುರುತು ವಾದ್ಯವೇ ಆಯ್ತು.

ಅವರ ವಾದ ಬಾಲಿಶವಾದದ್ದಲ್ಲ. ಗ್ರೀಕ್‌ನಲ್ಲಿ 'ಪ್ಸಾಲೊ' ಅಂತ ಒಂದು ಕ್ರಿಯಾಪದ ಇದೆ. ಎಫೆಸದ ಪತ್ರದಲ್ಲಿ ಬರೋದು ಅದೇ. ಮೂಲದಲ್ಲಿ ಅದಕ್ಕೆ ತಂತಿ ಮೀಟು ಅನ್ನೋ ಅರ್ಥ ಇತ್ತು. ನೋಡಿ, ವಾದ್ಯ ಆ ಪದದಲ್ಲೇ ಇದೆ ಅಂದ್ರು ಒಂದು ಕಡೆಯವರು. ಪೌಲನ ಕಾಲಕ್ಕೆ ಅರ್ಥ ಬದಲಾಗಿ ಬರೀ ಹಾಡು ಅಂತಾಗಿತ್ತು, ಮತ್ತೆ ಅವನು ಮೀಟು ಅನ್ನೋದು ಹೃದಯವನ್ನ ಅಂದ್ರು ಇನ್ನೊಂದು ಕಡೆಯವರು. 'ಹಾಡಿನ ಪುಸ್ತಕವೂ ಬೈಬಲ್ಲಲ್ಲಿ ಇಲ್ವಲ್ಲ, ಅದನ್ಯಾಕೆ ಹಿಡ್ಕೊಂಡಿದ್ದೀರಿ?' ಅಂತ ಕೇಳಿದ್ರೆ ಅವರ ಉತ್ತರ ಹೀಗೆ: ಪುಸ್ತಕ ಕೈಯಲ್ಲಿದ್ರೂ ನೀವು ಮಾಡ್ತಿರೋದು ಹಾಡೋದನ್ನೇ. ಪಿಯಾನೊ ಬಂದ್ರೆ ಹಾಡಿನ ಜೊತೆ ಇನ್ನೊಂದು ಕೆಲಸವೂ ನಡೀತಿದೆ. ಈ ಉತ್ತರಕ್ಕೆ ನಾನು ಪೂರ್ತಿ ಒಪ್ಪಲ್ಲ. ಆದ್ರೆ ಅಜ್ಜಿ ಮಾತು ನೆನಪಾದಾಗ ಸುಲಭವಾಗಿ ತಳ್ಳಿಹಾಕೋಕೂ ಆಗಲ್ಲ. ಆ ಸಭೆಗಳಲ್ಲಿ ನಾಲ್ಕು ದನಿಗಳಲ್ಲಿ ಹಾಡೋದನ್ನ ಮಕ್ಕಳು ಕೂತ್ಕೊಂಡೇ ಕಲೀತಾರೆ. ವಾದ್ಯ ಇಲ್ಲದ್ದಕ್ಕೆ ಬಂದ ವಿದ್ಯೆ ಅದು.

ಕಥೋಲಿಕರಲ್ಲಿ ಪ್ರಶ್ನೆ ವಾದ್ಯ ಇರಬೇಕಾ ಅನ್ನೋದಕ್ಕಿಂತ ಯಾವ ವಾದ್ಯ ಅನ್ನೋದು. 1903ರಲ್ಲಿ ಪೋಪ್ 10ನೇ ಪಯಸ್ ಪಿಯಾನೊ, ಡ್ರಮ್ಮು, ತಾಳದಂಥ ಸದ್ದಿನ ವಾದ್ಯಗಳನ್ನ ಚರ್ಚಿನಿಂದ ದೂರ ಇಟ್ಟರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಉಳಿಸಿ, ಆರಾಧನೆಗೆ ಹೊಂದೋ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ಗಾಳಿಯಲ್ಲೇ 1967ರಲ್ಲಿ ನಮ್ಮ ಬೆಂಗಳೂರಲ್ಲಿ ಫಾದರ್ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಎನ್‌ಬಿಸಿಎಲ್‌ಸಿ ಕೇಂದ್ರ ಶುರುವಾಯ್ತು. ಭಾರತದ್ದೇ ಆದ ಆರಾಧನಾ ರೀತಿ ಹುಡುಕೋ ಕೆಲಸ ಅಲ್ಲಿ ನಡೀತು. ಭಜನೆ, ಆರತಿ, ನೆಲದ ಮೇಲೆ ಕೂರೋದು. ಇದೆಲ್ಲ ನಮ್ಮದಲ್ಲ ಅಂತ ಮುನಿಸಿಕೊಂಡವರೂ ಇದ್ದರು. ಬೇಡ ಅನ್ನೋಕೆ ಕೊಡೋ ಕಾರಣ ಎಷ್ಟು ಹಳೇದು ನೋಡಿ: 'ಅದು ಅವರ ದೇವಸ್ಥಾನದ್ದು.' ರೋಮ್ ಕಾಲದ ಕೊಳಲಿಗೂ ಇದೇ ಮಾತು.

ಅಂದ ಹಾಗೆ, ಭಜನೆಗೆ ನಾವು ಹಿಡಿಯೋ ಹಾರ್ಮೋನಿಯಂ ಕೂಡ ಹೊರಗಿಂದ ಬಂದದ್ದೇ. ಪ್ಯಾರಿಸ್‌ನ ಡೆಬೇನ್ 1842ರಲ್ಲಿ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಮಿಷನರಿಗಳ ಜೊತೆಗೂ ಅದು ಇಲ್ಲಿಗೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನ ನೆಲದ ಮೇಲೆ ಕೂತು ಕೈಯಲ್ಲೇ ತಿದಿ ಹಾಕೋ ಹಾಗೆ ಬದಲಾಯಿಸಿದ್ರು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನ ನಿಷೇಧಿಸಿತ್ತು, ಇದು ನಮ್ಮ ಸಂಗೀತಕ್ಕೆ ಸೇರಿದ್ದಲ್ಲ ಅಂತ. ಈಗ ಹಾರ್ಮೋನಿಯಂ ಇಲ್ಲದ ಭಜನಾ ಮಂಡಳಿ ಹುಡುಕಿ ನೋಡೋಣ.

ಇಷ್ಟೆಲ್ಲ ಓದ್ಕೊಂಡು ನಾನು ಕಮಿಟಿ ಮೀಟಿಂಗಿಗೆ ಹೋದೆ. ಒಂದೂಮುಕ್ಕಾಲು ಗಂಟೆ ನಡೀತು. ಹುಡುಗರು 150ನೇ ಕೀರ್ತನೆ ಓದಿದ್ರು. ಹಿರಿಯರೊಬ್ಬರು ಎದ್ದು ಆಮೋಸನ ಪುಸ್ತಕ ತೆಗೆದು, ನ್ಯಾಯ ಬಿಟ್ಟವರ ಹಾಡಿನ ಗದ್ದಲ ದೇವರಿಗೆ ಬೇಡವಾದ ಭಾಗ ಓದಿದ್ರು. ಡ್ರಮ್ಸ್ ಇಲ್ಲದಿದ್ರೆ ನಾವು ಬೇರೆ ಚರ್ಚಿಗೆ ಹೋಗ್ತೀವಿ ಅಂದ ಹುಡುಗರೂ ಇದ್ರು, ಬಂದ್ರೆ ನಾವು ಬರಲ್ಲ ಅಂದ ದೊಡ್ಡವರೂ ಇದ್ರು. ಸಭಾಪಾಲಕರು ಪಾಪ, ಟೀ ತರಿಸಿದ್ರು.

ಕೊನೆಗೆ ಡ್ರಮ್ ಸೆಟ್ ವಿಷಯ ಈಸ್ಟರ್ ಕಳೆದ ಮೇಲೆ ನೋಡೋಣ ಅಂತ ಮುಂದೂಡಿದ್ರು. ಅಷ್ಟರವರೆಗೆ ತಿಂಗಳ ಮೊದಲ ಭಾನುವಾರ ವಾದ್ಯ ಇಲ್ಲದೇ ಹಾಡೋಣ ಅಂತ ನಾನು ಕೇಳಿಕೊಂಡೆ. ಅರ್ಜಿಗೆ ಸಹಿ ಹಾಕಿದ ನನ್ನ ಗೆಳೆಯರು ನನ್ನ ಕಡೆ ನೋಡಿದ ನೋಟ ನೀವು ನೋಡ್ಬೇಕಿತ್ತು. ಒಪ್ಪಿಗೆ ಸಿಕ್ತು. ಮೊದಲ ಸಲ ಹಾಡು ಎರಡು ಶ್ರುತಿ ಕೆಳಗೆ ಇಳಿದೇ ಹೋಯ್ತು, ಕೊನೇ ಚರಣಕ್ಕೆ ಗಂಡಸರು ಗೊಗ್ಗರು ದನಿಯಲ್ಲಿ ಹೆಣಗಾಡ್ತಿದ್ರು. ನಾನು ಅಜ್ಜಿ ಪಕ್ಕ ಬೆಂಚಲ್ಲಿ ಕೂತಿದ್ದೆ. "ನಿಂಗೆ ಪದವೇ ಸರಿಯಾಗಿ ಬರಲ್ವಲ್ಲೋ" ಅಂದ್ರು ಅಜ್ಜಿ. ನಿಜ. ಆರು ವರ್ಷ ನುಡಿಸಿದ್ದೆ ಅಷ್ಟೇ, ಆ ಹಾಡಿನ ಎರಡನೇ ಚರಣ ನನಗೆ ಗೊತ್ತೇ ಇರಲಿಲ್ಲ.

ನಿಮ್ಮ ಚರ್ಚಲ್ಲಿ, ಅಥವಾ ದೇವಸ್ಥಾನದಲ್ಲಿ, ಮಸೀದಿಯಲ್ಲಿ ಸ್ಪೀಕರ್, ವಾದ್ಯ, ಹಾಡಿನ ಬಗ್ಗೆ ಇಂಥ ಜಗಳ ನಡೆದಿದ್ರೆ ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷದೊಳಗೆ ಇರಲಿ. ಮುಂದಿನ ವಾರ ಸಿಗೋಣ.