ಶುಶ್ರೂಷಾ ಸಹಾಯಕರ ಪರಿಭಾಷೆ

ಶುಶ್ರೂಷಾ ಸಹಾಯಕರ ಪರಿಭಾಷೆ ಎಂದರೆ ಆಸ್ಪತ್ರೆ, ನರ್ಸಿಂಗ್ ಹೋಮ್, ವೃದ್ಧಾಶ್ರಮ ಮತ್ತು ಮನೆಗಳಲ್ಲಿ ರೋಗಿಗಳ ದೈನಂದಿನ ಆರೈಕೆ ಮಾಡುವವರು ತಿಳಿದಿರಬೇಕಾದ ಕಾನೂನು, ನೀತಿ ಹಾಗೂ ಆರೈಕೆಗೆ ಸಂಬಂಧಿಸಿದ ಮೂಲಭೂತ ಪದಗಳ ಸಮೂಹ. ಒಪ್ಪಿಗೆ, ನಿರ್ಲಕ್ಷ್ಯ, ಗೋಪ್ಯತೆ, ಬಂಧನ, ಹಾಸಿಗೆ ಹುಣ್ಣು ಮುಂತಾದವು ಇದರಲ್ಲಿ ಸೇರುತ್ತವೆ. ಇಂತಹ ಪ್ರತಿಯೊಂದು ಪದವೂ ಎರಡು ಸಂಗತಿಗಳನ್ನು ಸೂಚಿಸುತ್ತದೆ: ರೋಗಿಗೆ ಸಲ್ಲಬೇಕಾದ ಹಕ್ಕು ಯಾವುದು ಮತ್ತು ಸಹಾಯಕರ ಕೆಲಸದ ಎಲ್ಲೆ ಎಲ್ಲಿದೆ ಎಂಬುದು. ಪದವನ್ನು ರೋಗಿಯ ಆಡುಮಾತಿನಲ್ಲಿ ತಿಳಿಸದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಈ ಲೇಖನವು ಕರ್ನಾಟಕದಲ್ಲಿ ಅನ್ವಯವಾಗುವ ಕಾನೂನುಗಳನ್ನು ಆಧರಿಸಿ, ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಆಡುಮಾತನ್ನು ಗಮನದಲ್ಲಿಟ್ಟು ಈ ಪದಗಳನ್ನು ವಿವರಿಸುತ್ತದೆ.

## ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಪ್ರತ್ಯೇಕಗೊಂಡಿತು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳೂ ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. ಹೆಚ್ಚಿನ ಚಿಕಿತ್ಸೆ ಬೇಕಾದವರನ್ನು ಹುಬ್ಬಳ್ಳಿ, ದಾವಣಗೆರೆ ಮೊದಲಾದ ನಗರಗಳಿಗೆ ಕಳುಹಿಸಲಾಗುತ್ತದೆ. ಜನರ ಬಾಯಲ್ಲಿ ಆಸ್ಪತ್ರೆಗೆ ಇಂದಿಗೂ 'ದವಾಖಾನೆ' ಎಂಬ ಹೆಸರೇ ರೂಢಿಯಲ್ಲಿದೆ.

ದವಾಖಾನೆಯಲ್ಲಿ ರೋಗಿಯ ಆರೈಕೆ ಮಾಡುವವರೆಲ್ಲರನ್ನೂ ಜನರು 'ಸಿಸ್ಟರ್' ಎಂದು ಕರೆಯುವುದುಂಟು. ಆದರೆ ಕಾನೂನಿನ ದೃಷ್ಟಿಯಲ್ಲಿ ಅವರೆಲ್ಲರೂ ಒಂದೇ ಅಲ್ಲ. ಶುಶ್ರೂಷಾಧಿಕಾರಿಯು ಶುಶ್ರೂಷಾ ಶಿಕ್ಷಣ ಪಡೆದು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದವರು. ಶುಶ್ರೂಷಾ ಶಿಕ್ಷಣಕ್ಕೆ ದೇಶದಾದ್ಯಂತ ಏಕರೂಪತೆ ತರಲು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಆಯಾ, ವಾರ್ಡ್ ಬಾಯ್, ಜನರಲ್ ಡ್ಯೂಟಿ ಅಸಿಸ್ಟೆಂಟ್, ಮನೆಯಲ್ಲಿ ಆರೈಕೆ ಮಾಡುವ 'ಹೋಮ್ ನರ್ಸ್' ಮುಂತಾದ ಹೆಸರುಗಳಿಂದ ಕೆಲಸ ಮಾಡುವವರಲ್ಲಿ ಅನೇಕರಿಗೆ ಇಂತಹ ನೋಂದಣಿ ಇರುವುದಿಲ್ಲ. ಈ ವ್ಯತ್ಯಾಸವೇ ಮುಂದಿನ ಪದಗಳಿಗೆಲ್ಲ ತಳಹದಿ.

## ಕಾನೂನಿನ ಪದಗಳು

### ಕಾರ್ಯವ್ಯಾಪ್ತಿ

ಒಬ್ಬ ವ್ಯಕ್ತಿ ತನ್ನ ತರಬೇತಿ ಮತ್ತು ನೇಮಕಾತಿಯ ಮಿತಿಯೊಳಗೆ ಮಾಡಬಹುದಾದ ಕೆಲಸಗಳ ಸೀಮೆಗೆ ಕಾರ್ಯವ್ಯಾಪ್ತಿ ಎನ್ನುತ್ತಾರೆ. ಮೈ ಒರೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಮೈಬಿಸಿ ಮತ್ತು ನಾಡಿ ನೋಡಿ ಬರೆದಿಡುವುದು ಸಹಾಯಕರ ಕೆಲಸಗಳು. 'ಸೂಜಿ ಮಾಡುವುದು', 'ಸಲೈನ್ ಹಚ್ಚುವುದು', ಔಷಧದ ಪ್ರಮಾಣವನ್ನು ಬದಲಿಸುವುದು, ರಕ್ತಪರೀಕ್ಷೆಯ ವರದಿಯ ಅರ್ಥ ಹೇಳುವುದು ಅವರ ವ್ಯಾಪ್ತಿಗೆ ಸೇರಿದವಲ್ಲ. ಮೇಲಿನವರು ಹೇಳಿದರೆಂಬ ಕಾರಣಕ್ಕೆ ವ್ಯಾಪ್ತಿ ಮೀರಿದ ಕೆಲಸ ಸಕ್ರಮವಾಗುವುದಿಲ್ಲ. ತನಗೆ ತರಬೇತಿಯಿಲ್ಲದ ಕೆಲಸವನ್ನು ವಿನಯದಿಂದ ನಿರಾಕರಿಸಿ ಶುಶ್ರೂಷಾಧಿಕಾರಿಗೆ ತಿಳಿಸುವುದೇ ಸರಿಯಾದ ಕ್ರಮ.

### ನಿರ್ಲಕ್ಷ್ಯ ಮತ್ತು ಹೊಣೆ

ನಿರ್ಲಕ್ಷ್ಯವನ್ನು ಸಿದ್ಧಪಡಿಸಲು ಮೂರು ಅಂಶಗಳು ಬೇಕು: ಆರೈಕೆಯ ಕರ್ತವ್ಯ ಇತ್ತು, ಆ ಕರ್ತವ್ಯಕ್ಕೆ ಲೋಪ ಬಂತು, ಆ ಲೋಪದಿಂದಲೇ ಹಾನಿಯಾಯಿತು. ಮಂಚದ ಪಕ್ಕದ ತಡೆಗಂಬಿಯನ್ನು ಏರಿಸದೆ ಹೋದದ್ದು ಲೋಪ. ಅದರಿಂದ ವೃದ್ಧರು ಬಿದ್ದು ತೊಡೆಯ ಮೂಳೆ ಮುರಿದರೆ ಅದು ಹಾನಿ.

ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿತು. ಯಾರಿಂದಲೂ ಹಣ ಪಡೆಯದೆ ಎಲ್ಲರಿಗೂ ಉಚಿತವಾಗಿ ನೀಡುವ ಸೇವೆಯನ್ನು ಅದರಿಂದ ಹೊರಗಿಟ್ಟಿತು. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ, ವೈದ್ಯರು ಸೂಚಿಸಿದ ಔಷಧದ ಬದಲಿಗೆ ಬೇರೊಂದು ಔಷಧವನ್ನು ಅರ್ಹತೆಯಿಲ್ಲದ ಶುಶ್ರೂಷಕಿಯೊಬ್ಬರು ಚುಚ್ಚಿದ್ದರಿಂದ ಮಗುವಿನ ಹೃದಯ ಸ್ತಂಭಿಸಿ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ನೌಕರರ ತಪ್ಪಿಗೆ ಆಸ್ಪತ್ರೆಯೂ ಹೊಣೆಯೆಂದು ನ್ಯಾಯಾಲಯ ಹೇಳಿತು. ಇದನ್ನು ಪರೋಕ್ಷ ಹೊಣೆಗಾರಿಕೆ ಎನ್ನುತ್ತಾರೆ. ಆಸ್ಪತ್ರೆ ಹೊಣೆಯಾದ ಮಾತ್ರಕ್ಕೆ ತಪ್ಪು ಮಾಡಿದ ನೌಕರರ ಹೊಣೆ ತಪ್ಪುವುದಿಲ್ಲ.

ಸಾಮಾನ್ಯ ಲೋಪಕ್ಕೂ ಅಪರಾಧವೆನಿಸುವ ಘೋರ ನಿರ್ಲಕ್ಷ್ಯಕ್ಕೂ ಇರುವ ಅಂತರವನ್ನು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. ವೈದ್ಯಕೀಯ ಚಿಕಿತ್ಸೆ ನೀಡುವ ಸಂದರ್ಭದಲ್ಲಿ ನೋಂದಾಯಿತ ವೈದ್ಯರಿಗೆ ಮಾತ್ರ ಈ ಮಿತಿ 2 ವರ್ಷ. ಶುಶ್ರೂಷಾ ಸಹಾಯಕರು ಈ ರಿಯಾಯಿತಿಯೊಳಗೆ ಬರುವುದಿಲ್ಲ. ಆದುದರಿಂದ ಕಾರ್ಯವ್ಯಾಪ್ತಿಯನ್ನು ಮೀರದಿರುವುದು ಸಹಾಯಕರ ಸ್ವಂತ ರಕ್ಷಣೆಯೂ ಹೌದು.

### ತಿಳುವಳಿಕೆಯ ಒಪ್ಪಿಗೆ

ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ ಮತ್ತು ಬದಲಿ ಮಾರ್ಗಗಳನ್ನು ಅರಿತು ರೋಗಿಯು ಸ್ವಇಚ್ಛೆಯಿಂದ ನೀಡುವ ಅನುಮತಿಯೇ ತಿಳುವಳಿಕೆಯ ಒಪ್ಪಿಗೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗಾಗಿ ನೀಡಿದ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಯ ಒಪ್ಪಿಗೆಯೆಂದು ಭಾವಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆ ಪ್ರಕರಣದಲ್ಲಿ ರೋಗಿಯು ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯಿಂದ ಒಪ್ಪಿಗೆ ಪಡೆಯಲಾಗಿತ್ತು. ಪ್ರಾಪ್ತವಯಸ್ಕಳೂ ಸಮರ್ಥಳೂ ಆದ ರೋಗಿಯ ಪರವಾಗಿ, ತುರ್ತು ಇಲ್ಲದಿದ್ದಾಗ, ಬೇರೆಯವರು ಒಪ್ಪಲಾಗದು ಎಂಬುದು ನ್ಯಾಯಾಲಯದ ನಿಲುವು.

ಇದರ ಪ್ರಾಯೋಗಿಕ ಅರ್ಥ ದೊಡ್ಡದು. ಅಜ್ಜಿಯ ಬದಲು ಮಗ, ಸೊಸೆಯ ಬದಲು ಅತ್ತೆ, ಹೆಂಡತಿಯ ಬದಲು ಗಂಡ ಸಹಿ ಮಾಡುವ ರೂಢಿಗೆ ಕಾನೂನಿನ ಬೆಂಬಲವಿಲ್ಲ. ಓದುಬರಹ ತಿಳಿಯದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಕಾಗದದಲ್ಲಿರುವುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಬೇಕು. ಈ ಭಾಗದಲ್ಲಿ ಕನ್ನಡದ ಜೊತೆಗೆ ಉರ್ದು, ಲಂಬಾಣಿ ಮಾತನಾಡುವ ಕುಟುಂಬಗಳೂ ಇವೆ. ಅವರ ಮಾತು ಬಲ್ಲ ಸಹಾಯಕರು ವೈದ್ಯರ ವಿವರಣೆಯನ್ನು ತಿಳಿಯಪಡಿಸಲು ನೆರವಾಗಬಹುದು; ಆದರೆ ಒಪ್ಪಿಗೆ ಪಡೆಯುವ ಹೊಣೆ ವೈದ್ಯರದೇ. 'ನನಗೆ ತಿಳೀಲಿಲ್ಲ' ಎಂದು ರೋಗಿ ಪಿಸುಗುಟ್ಟಿದರೆ ಅದನ್ನು ವೈದ್ಯರ ಕಿವಿಗೆ ಮುಟ್ಟಿಸುವುದು ಸಹಾಯಕರ ಕರ್ತವ್ಯ.

ಮೈ ಒರೆಸುವ ಮುನ್ನ ಕೇಳಿದಾಗ ರೋಗಿಯು ಕೈ ಮುಂದೆ ಚಾಚಿದರೆ ಅದು ಸೂಚಿತ ಒಪ್ಪಿಗೆ. ಪ್ರಜ್ಞೆಯಿಲ್ಲದವರ ಜೀವ ಉಳಿಸಲು ಒಪ್ಪಿಗೆಗಾಗಿ ಕಾಯಬೇಕಿಲ್ಲ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ರೋಗಿ ಹಿಂತೆಗೆದುಕೊಳ್ಳಬಹುದು.

### ಹಲ್ಲೆ ಮತ್ತು ಅಕ್ರಮ ತಡೆ

ಹೊಡೆಯುವಂತೆ ಕೈ ಎತ್ತಿ ಹೆದರಿಸುವುದು ಹಲ್ಲೆ; ಒಪ್ಪಿಗೆಯಿಲ್ಲದೆ ನೋವು, ಭಯ ಅಥವಾ ಕಿರಿಕಿರಿ ಉಂಟುಮಾಡುವ ಉದ್ದೇಶದಿಂದ ಬಲ ಬಳಸುವುದು ಅಪರಾಧಿಕ ಬಲಪ್ರಯೋಗ. ರೋಗಿಯನ್ನು ಹೋಗಬಯಸುವ ಕಡೆಗೆ ಹೋಗದಂತೆ ಕಾರಣವಿಲ್ಲದೆ ತಡೆಯುವುದು ಅಕ್ರಮ ತಡೆ, ನಿಶ್ಚಿತ ಮೇರೆಯೊಳಗೆ ಕೂಡಿಹಾಕುವುದು ಅಕ್ರಮ ಬಂಧನ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ. ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ದೈಹಿಕ ಬಂಧನ ಬಳಸಬಹುದು. ಶಿಕ್ಷೆಯೆಂದಾಗಲಿ, ಸಿಬ್ಬಂದಿ ಸಾಲದೆಂದಾಗಲಿ ಕಟ್ಟುವಂತಿಲ್ಲ.

### ಪೊಲೀಸ್ ಪ್ರಕರಣ ಮತ್ತು ವರದಿ

ಅಪಘಾತ, ಸುಟ್ಟಗಾಯ, ವಿಷಪ್ರಾಶನ, ಹೊಡೆದಾಟ ಮುಂತಾದ ಪ್ರಕರಣಗಳನ್ನು ವೈದ್ಯಕೀಯ-ಕಾನೂನು ಪ್ರಕರಣ ಅಥವಾ ಬಳಕೆಯ ಮಾತಿನಲ್ಲಿ 'ಎಂ.ಎಲ್.ಸಿ.' ಎನ್ನುತ್ತಾರೆ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯಂತಹ ಊರುಗಳಲ್ಲಿ ಈ ಪದ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಪೊಲೀಸರು ಬರಲೆಂದು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ ಎಂಬುದು 1989ರ ಪರಮಾನಂದ ಕಟಾರಾ ತೀರ್ಪಿನ ಸಾರ. ಗಾಯಾಳುವಿನ ಬಟ್ಟೆಗಳು ಸಾಕ್ಷ್ಯವಾಗಬಹುದಾದ್ದರಿಂದ ಅವನ್ನು ತೊಳೆಯದೆ, ಎಸೆಯದೆ ಶುಶ್ರೂಷಾಧಿಕಾರಿಗೆ ಒಪ್ಪಿಸಬೇಕು.

ಸಾವಿಗೆ ಕಾರಣವಾದ ಸಂಗತಿಯ ಬಗ್ಗೆ ಮೃತರು ಆಡಿದ್ದ ಮಾತು ಮರಣಪೂರ್ವ ಹೇಳಿಕೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 26ನೇ ಕಲಮಿನಡಿ ಅದಕ್ಕೆ ಸಾಕ್ಷ್ಯದ ಮಾನ್ಯತೆಯಿದೆ. ಸುಟ್ಟಗಾಯಗಳಿಂದ ಮಲಗಿದವರು ಸಹಾಯಕರ ಬಳಿ ಏನಾದರೂ ಹೇಳಿದರೆ, ಒಂದಕ್ಷರವನ್ನೂ ತಿದ್ದದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. 18 ವರ್ಷದೊಳಗಿನ ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದರೆ ಪೋಕ್ಸೊ ಕಾಯ್ದೆ, 2012ರ 19ನೇ ಕಲಮಿನಂತೆ ವರದಿ ಮಾಡುವುದು ಕಡ್ಡಾಯ.

ಕ್ರಿಮಿನಾಶಕ ಸೇವಿಸಿ ದಾಖಲಾದವರನ್ನು ಅಪರಾಧಿಗಳಂತೆ ಕಾಣುವುದು ತಪ್ಪು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕೆಂದು 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಅವರಿಗೆ ಬೇಕಾದದ್ದು ಆರೈಕೆ, ಬೈಗುಳವಲ್ಲ.

## ನೀತಿಯ ಪದಗಳು

ವೈದ್ಯಕೀಯ ನೀತಿಶಾಸ್ತ್ರದ ನಾಲ್ಕು ತತ್ತ್ವಗಳನ್ನು 1979ರಲ್ಲಿ ಬ್ಯೂಚಾಂಪ್ ಮತ್ತು ಚಿಲ್ಡ್ರೆಸ್ ಎಂಬ ಅಮೆರಿಕದ ವಿದ್ವಾಂಸರು ನಿರೂಪಿಸಿದರು.

* ಸ್ವಾಯತ್ತತೆ: ತನ್ನ ದೇಹದ ಬಗ್ಗೆ ನಿರ್ಧರಿಸುವ ರೋಗಿಯ ಹಕ್ಕು. ಮೊದಲು ಸ್ನಾನವೋ ಊಟವೋ ಎಂದು ಕೇಳುವುದೂ ಇದರಲ್ಲಿ ಸೇರುತ್ತದೆ.
* ಹಿತಸಾಧನೆ: ರೋಗಿಗೆ ಒಳಿತಾಗುವಂತೆ ನಡೆದುಕೊಳ್ಳುವುದು.
* ಅಹಿತ ಮಾಡದಿರುವುದು: ಒಳಿತು ಮಾಡುವ ಭರದಲ್ಲಿಯೂ ಹಾನಿಯಾಗದಂತೆ ನೋಡಿಕೊಳ್ಳುವುದು.
* ನ್ಯಾಯ: ಜಾತಿ, ಧರ್ಮ, ಹಣ, ಪರಿಚಯಗಳನ್ನು ನೋಡದೆ ಅಗತ್ಯಕ್ಕೆ ತಕ್ಕಂತೆ ಆರೈಕೆ ನೀಡುವುದು.

ಗೋಪ್ಯತೆ ಎಂದರೆ ಕೆಲಸದ ನಿಮಿತ್ತ ತಿಳಿದುಬಂದ ರೋಗಿಯ ಸಂಗತಿಗಳನ್ನು ಚಿಕಿತ್ಸೆಗೆ ಸಂಬಂಧಪಡದವರಿಗೆ ಹೇಳದಿರುವುದು. ಸಣ್ಣ ಊರುಗಳಲ್ಲಿ ಇದು ಎಲ್ಲಕ್ಕಿಂತ ಕಠಿಣ ನಿಯಮ. ಏಕೆಂದರೆ ರೋಗಿ ಮತ್ತು ಸಹಾಯಕರು ಒಂದೇ ಓಣಿಯವರಾಗಿರಬಹುದು, ಬೀಗರೂ ಆಗಿರಬಹುದು. ಸಂತೆಯಲ್ಲಿ ಸಿಕ್ಕವರು 'ಅವರಿಗೆ ಏನಾಗಿತ್ತು?' ಎಂದು ಕಾಳಜಿಯಿಂದಲೇ ಕೇಳಿದರೂ ಉತ್ತರ ಹೇಳುವ ಹಕ್ಕು ಸಹಾಯಕರಿಗಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017 ಸೋಂಕಿತರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ವಾರ್ಡಿನಲ್ಲಿ ತೆಗೆದ ಫೋಟೊವನ್ನು ವಾಟ್ಸ್‌ಆಪ್ ಗುಂಪಿಗೆ ಹಾಕುವುದೂ ಗೋಪ್ಯತೆಯ ಭಂಗವೇ.

ಖಾಸಗಿತನವು ದೇಹಕ್ಕೆ ಸಂಬಂಧಿಸಿದ್ದು. ಪರದೆ ಎಳೆಯುವುದು, ಒರೆಸುವ ಭಾಗವನ್ನಷ್ಟೇ ತೆರೆದು ಉಳಿದುದನ್ನು ಹೊದಿಸುವುದು ಇದರ ಆಚರಣೆಗಳು. ಘನತೆಯು ಮಾತಿನಲ್ಲಿಯೂ ಇರುತ್ತದೆ: ಹಿರಿಯರನ್ನು 'ಮೂರನೇ ನಂಬರ್ ಬೆಡ್' ಎನ್ನದೆ ಹೆಸರಿನಿಂದಾಗಲಿ, ಈ ಭಾಗದ ರೂಢಿಯಂತೆ 'ಅಜ್ಜಾರ', 'ಅಮ್ಮಾರ', 'ಯಕ್ಕಾ' ಎಂದಾಗಲಿ ಕರೆಯುವುದು.

## ಆರೈಕೆಯ ಪದಗಳು

ಜೀವಸೂಚಕಗಳು: ಮೈಬಿಸಿ, ನಾಡಿ, ಉಸಿರಾಟ ಮತ್ತು ರಕ್ತದೊತ್ತಡ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20 ಸಾಮಾನ್ಯ.

ಹಾಸಿಗೆ ಹುಣ್ಣು: ಒಂದೇ ಮಗ್ಗುಲಿನ ಒತ್ತಡದಿಂದ ರಕ್ತಸಂಚಾರ ಕುಂದಿ ಚರ್ಮ ಮತ್ತು ಒಳಮಾಂಸ ಕೊಳೆಯುವುದು. ಬೆನ್ನಿನ ಕೆಳಭಾಗ, ಚಪ್ಪೆ, ಹಿಮ್ಮಡಿಗಳಲ್ಲಿ ಹೆಚ್ಚು. ಒತ್ತಿದರೂ ಮಾಸದ ಕೆಂಪು ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಆ ಜಾಗ ಬಿಸಿಯಾಗಿ ಅಥವಾ ಗಡುಸಾಗಿ ತೋರಬಹುದು. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯ ತಡೆಕ್ರಮ.

ಶ್ವಾಸನಾಳಕ್ಕೆ ಆಹಾರ ಸೇರುವುದು: ಮಲಗಿಸಿಕೊಂಡೇ ಗಂಜಿ ಕುಡಿಸಿದಾಗ ಆಗಬಹುದಾದ ಅಪಾಯ. ತಲೆ ಮತ್ತು ಎದೆಯ ಭಾಗವನ್ನು ಎತ್ತರಿಸಿ, ನಿಧಾನವಾಗಿ ಉಣಿಸಬೇಕು.

ಚುಚ್ಚುಗಾಯ: ಬಳಸಿದ ಸೂಜಿ ಚುಚ್ಚಿಕೊಳ್ಳುವುದು. ಕೂಡಲೇ ಸಾಬೂನು ಮತ್ತು ನೀರಿನಿಂದ ತೊಳೆದು ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧವನ್ನು ಆದಷ್ಟು ಬೇಗ, ತಡವಾದರೂ 72 ಗಂಟೆಗಳೊಳಗೆ ಆರಂಭಿಸಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, 2016ರಂತೆ ಸೂಜಿಗಳನ್ನು ಬಿಳಿಯ ಚುಚ್ಚುನಿರೋಧಕ ಡಬ್ಬಿಗೂ, ರಕ್ತ ಅಂಟಿದ ಹತ್ತಿಯನ್ನು ಹಳದಿ ಚೀಲಕ್ಕೂ, ಪ್ಲಾಸ್ಟಿಕ್ ಕೊಳವೆಗಳನ್ನು ಕೆಂಪಿಗೂ, ಗಾಜನ್ನು ನೀಲಿಗೂ ಹಾಕಬೇಕು.

ದಾಖಲೆ: ರೋಗಿ ಹೇಳಿದ್ದು ಮತ್ತು ಸಹಾಯಕರು ಕಂಡದ್ದು ಬೇರೆ ಬೇರೆಯಾಗಿರಬೇಕು. 'ಸಂಕಟ', 'ಬ್ಯಾನಿ', 'ಎದಿ ಹಿಡದಂಗ ಆಗೈತಿ', 'ದಮ್ಮು' ಮುಂತಾದ ಮಾತುಗಳನ್ನು ಊಹೆಯಿಂದ ರೋಗದ ಹೆಸರಿಗೆ ತಿರುಗಿಸದೆ, ರೋಗಿ ಆಡಿದಂತೆಯೇ ಸಮಯ ಸಹಿತ ಬರೆಯಬೇಕು. 'ಸಂಕಟ' ಎಂಬುದು ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಎದೆಯ ಕಸಿವಿಸಿ. ಅದು ಹೃದಯಾಘಾತದ ಮುನ್ಸೂಚನೆಯೂ ಆಗಿರಬಹುದು. ಮಾಡದ ಕೆಲಸವನ್ನು ಮಾಡಿದಂತೆ ಬರೆಯುವುದು ಸುಳ್ಳು ದಾಖಲೆ.

## ಬದುಕಿನ ಅಂತ್ಯಕ್ಕೆ ಸಂಬಂಧಿಸಿದ ಪದಗಳು

ಈ ಪದಗಳಿಗೆ ಭಾರತದಲ್ಲಿ ಕಾನೂನಿನ ರೂಪ ದೊರೆತದ್ದು ಕರಾವಳಿಯ ಶುಶ್ರೂಷಕಿಯೊಬ್ಬರ ಪ್ರಕರಣದಿಂದ. ಹಾನಗಲ್ ತಾಲ್ಲೂಕಿನ ನೆರೆಯ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲಿಯೇ ನಡೆದ ಕ್ರೂರ ಲೈಂಗಿಕ ದಾಳಿಯಿಂದ ಅವರ ಮೆದುಳಿಗೆ ಹಾನಿಯಾಯಿತು. ಅಂದಿನಿಂದ 2015ರ ಮೇ 18ರಂದು ನಿಧನರಾಗುವವರೆಗೆ ಅದೇ ಆಸ್ಪತ್ರೆಯ ಸಿಬ್ಬಂದಿ ಅವರನ್ನು ನೋಡಿಕೊಂಡರು. ಅವರ ಆಹಾರವನ್ನು ನಿಲ್ಲಿಸಬೇಕೆಂದು ಪತ್ರಕರ್ತೆಯೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ರೋಗಿಯ ಪರವಾಗಿ ಮಾತನಾಡುವ 'ಆಪ್ತಮಿತ್ರ'ನ ಸ್ಥಾನವನ್ನು ದಿನನಿತ್ಯ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಗೇ ನೀಡಿತು. 37 ವರ್ಷ ಹಾಸಿಗೆ ಹಿಡಿದಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬ ಅಂಶವೂ ನ್ಯಾಯಾಲಯದ ಗಮನಕ್ಕೆ ಬಂದಿತ್ತು.

ಅದೇ ತೀರ್ಪು ಕಟ್ಟುನಿಟ್ಟಾದ ಷರತ್ತುಗಳಿಗೆ ಒಳಪಟ್ಟು ನಿಷ್ಕ್ರಿಯ ದಯಾಮರಣವನ್ನು, ಅಂದರೆ ಚೇತರಿಕೆಯ ಆಸೆಯಿಲ್ಲದವರಿಗೆ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯುವುದನ್ನು, ಅಂಗೀಕರಿಸಿತು. 2018ರ ಕಾಮನ್ ಕಾಸ್ ತೀರ್ಪು ಘನತೆಯ ಮರಣವನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದು ಸಾರಿ, ಮುಂಗಡ ನಿರ್ದೇಶನಕ್ಕೆ ಮಾನ್ಯತೆ ನೀಡಿತು. ತಾನು ಮುಂದೆ ಮಾತನಾಡಲಾರದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ವ್ಯಕ್ತಿಯು ಮೊದಲೇ ಬರೆದಿಡುವ ಪತ್ರವೇ ಮುಂಗಡ ನಿರ್ದೇಶನ. 2023ರಲ್ಲಿ ಇದರ ವಿಧಾನವನ್ನು ಸರಳಗೊಳಿಸಲಾಯಿತು. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಉಪಶಾಮಕ ಆರೈಕೆ ಎಂದರೆ ಗುಣವಾಗದ ರೋಗದಲ್ಲಿಯೂ ನೋವು, ಉಬ್ಬಸ, ಭಯಗಳನ್ನು ತಗ್ಗಿಸುವ ಆರೈಕೆ. ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಿದರೂ ಇದು ನಿಲ್ಲುವುದಿಲ್ಲ. ತುಟಿ ಒಣಗದಂತೆ ಒದ್ದೆ ಮಾಡುವುದು, ಮಗ್ಗುಲು ಬದಲಿಸುವುದು, ಹೆಸರು ಹಿಡಿದು ಮಾತನಾಡಿಸುವುದು ಕೊನೆಯ ಉಸಿರಿನವರೆಗೂ ಮುಂದುವರಿಯುತ್ತವೆ. ಮರಣಾನಂತರದ ಆರೈಕೆಯಲ್ಲಿ ವೈದ್ಯರು ಸಾವನ್ನು ಘೋಷಿಸಿದ ಬಳಿಕ ದೇಹವನ್ನು ಶುಚಿಗೊಳಿಸಿ, ಗುರುತುಚೀಟಿ ಕಟ್ಟಿ, ಮೈಮೇಲಿನ ಒಡವೆಗಳನ್ನು ಪಟ್ಟಿ ಮಾಡಿ ಸಾಕ್ಷಿಗಳ ಮುಂದೆ ಬಂಧುಗಳಿಗೆ ಒಪ್ಪಿಸಲಾಗುತ್ತದೆ. ಎಂ.ಎಲ್.ಸಿ. ಪ್ರಕರಣಗಳಲ್ಲಿ ಮಾತ್ರ ದೇಹವನ್ನು ತೊಳೆಯದೆ, ಕೊಳವೆಗಳನ್ನು ತೆಗೆಯದೆ ಇದ್ದಂತೆಯೇ ಇಡಬೇಕು.