ಉರುಳಿದ ದೋಣಿ ಏಳಬಲ್ಲುದೆ?

1979ರ ಆಗಸ್ಟ್ ತಿಂಗಳು. ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ದಕ್ಷಿಣದ ಫಾಸ್ಟ್‌ನೆಟ್ ಬಂಡೆಯನ್ನು ಬಳಸಿ ಬರುವ ಪಂದ್ಯದಲ್ಲಿ 303 ಹಾಯಿದೋಣಿಗಳಿದ್ದವು. ನಡುದಾರಿಯಲ್ಲಿ ಬಿರುಗಾಳಿ ಎರಗಿತು. ಪಂದ್ಯದಲ್ಲಿದ್ದವರ ಪೈಕಿ 15 ಮಂದಿ ಮಡಿದರು. 24 ದೋಣಿಗಳನ್ನು ನಾವಿಕರು ತೊರೆದರು. ಆದರೆ ಅವುಗಳಲ್ಲಿ ಮುಳುಗಿದವು ಐದೇ!

ಅಲೆ ಉರುಳಿಸಿದ ದೋಣಿ ತಾನಾಗಿ ಏಳಬಲ್ಲುದೆ? ಕಡಲಿಗಿಳಿಯುವ ಮೊದಲೇ ಇದನ್ನು ಅರಿಯುವ ಬಗೆಯುಂಟು. ನಿಶ್ಚಲವಾದ ನೀರಿನಲ್ಲಿ ದೋಣಿಯನ್ನು ಸಡಿಲವಾಗಿ ಕಟ್ಟಿ, ತೂಕ ಗೊತ್ತಿರುವ ಭಾರಗಳನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಒಳಗೆ ಇಳಿಬಿಟ್ಟ ತೂಗುಗುಂಡು, ದೋಣಿ ಎಷ್ಟು ವಾಲಿತೆಂಬುದನ್ನು ತೋರುತ್ತದೆ. ಅದರಿಂದ ಗುರುತ್ವಕೇಂದ್ರದ ನೆಲೆ ತಿಳಿಯುತ್ತದೆ. ತಳಕ್ಕೆ ಬಿಗಿದ ಸೀಸ ಅಥವಾ ಕಬ್ಬಿಣ ಆ ಕೇಂದ್ರವನ್ನು ಕೆಳಗೆಳೆದಷ್ಟೂ ದೋಣಿಗೆ ಕ್ಷೇಮ. ಒಡಲಿನ ಆಕಾರವನ್ನೂ ಲೆಕ್ಕಕ್ಕೆ ತಂದು, ಎಷ್ಟು ಕೋನದವರೆಗೆ ಉರುಳಿದರೆ ಅದು ಮತ್ತೆ ನೆಟ್ಟಗಾಗುವುದೆಂದು ಗುಣಿಸುತ್ತಾರೆ.

ಮಹಾಸಾಗರಕ್ಕೆ ಹೋಗುವ ದೋಣಿಗೆ ಈ ಕೋನ 100 ಡಿಗ್ರಿಗಿಂತ ಕಡಿಮೆಯಿರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಐದು ಟನ್ನಿನ ದೋಣಿಗಾದರೆ 120 ಬೇಕು. ಎಂದರೆ, ಹಾಯಿಕಂಬ ನೀರಿನೊಳಗೆ ಮುಳುಗಿದ ಮೇಲೂ ಅದು ಏಳಲೇಬೇಕು.

ದೋಣಿಯನ್ನು ನಂಬಬೇಕೆ, ತೊರೆಯಬೇಕೆ? ಇರುಳಿನ ಬಿರುಗಾಳಿಯಲ್ಲಿ ಈ ಪ್ರಶ್ನೆ ಎದುರಾದಾಗ, ಹಗಲಿನಲ್ಲಿ ಮಾಡಿಟ್ಟ ಈ ಲೆಕ್ಕವೇ ನಾವಿಕನಿಗೆ ಧೈರ್ಯ.