ಮಳೆನಾಡಿಗೆ ಬೇಕಾದ ಒಂದು ಚಾವಣಿ

ಮಳೆ ಹೊಳವಾಗಿದೆ. ಕೊಪ್ಪ ಪೇಟೆಯಿಂದ ತುಸು ದೂರದ ಮೈದಾನದಲ್ಲಿ ಕಾಲೇಜು ಹುಡುಗಿಯರು ಥ್ರೋಬಾಲ್ ಅಭ್ಯಾಸಕ್ಕೆ ಇಳಿದಿದ್ದಾರೆ. ಬಲೆಯ ಎತ್ತರ 2.2 ಮೀಟರ್. ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು 3 ಸೆಕೆಂಡಿನೊಳಗೆ ಒಂದೇ ಕೈಯಿಂದ ಆಚೆ ಎಸೆಯಬೇಕು. ಒದ್ದೆ ಚೆಂಡು ಬೆರಳ ಸಂದಿಯಿಂದ ಜಾರುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಟವೆಲ್ಲಿಗೆ ಅಂಗೈ ಒರೆಸಿಕೊಂಡು, ಕೆಸರಿನಲ್ಲಿ ಕಾಲೂರಿ, ಹುಡುಗಿ ಮತ್ತೆ ನಿಲ್ಲುತ್ತಾಳೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಚೆನ್ನಾಗಿ ಆಡಿದವರಿಗೆ ವಿಶ್ವವಿದ್ಯಾಲಯ ತಂಡದ ಬಾಗಿಲು ತೆರೆಯುತ್ತದೆ. ಆ ಬಾಗಿಲಿನವರೆಗೆ ಹೋಗುವ ದಾರಿಯಲ್ಲಿ ಮೊದಲು ಎದುರಾಗುವುದು ಇಲ್ಲಿನ ನೆಲ. ಸಮತಟ್ಟಾಗಿ ಸಿಕ್ಕಿದ್ದೆಲ್ಲ ಗದ್ದೆಯೋ ತೋಟವೋ ಆಗಿದೆ. ಮೈದಾನ ಬೇಕೆಂದರೆ ಗುಡ್ಡ ಕಡಿದು ಧರೆ ನಿಲ್ಲಿಸಬೇಕು. ಮಹಿಳೆಯರ ಕಬಡ್ಡಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 96 ಚದರ ಮೀಟರ್ ಸಾಕು. ಥ್ರೋಬಾಲ್‌ಗೆ ಸುಮಾರು 223. ಬ್ಯಾಸ್ಕೆಟ್‌ಬಾಲ್‌ಗೆ 420 ಚದರ ಮೀಟರ್ ಬೇಕು, ಅದೂ ಗಟ್ಟಿ ನೆಲ. ಕೆಸರಿನಲ್ಲಿ ಚೆಂಡು ಪುಟಿಯುವುದಿಲ್ಲ. ಪುಟಿಯದ ಚೆಂಡಿನೊಂದಿಗೆ ಆ ಆಟವೇ ಇಲ್ಲ.

ಹರಿಹರಪುರ ದಾಟಿ ಶೃಂಗೇರಿ ಸೇರುವ ಹೊತ್ತಿಗೆ ಮಳೆ ಮತ್ತೆ ಹಿಡಿದಿದೆ. ಯಾತ್ರಿಕರು ಮಠದ ಕಡೆ ಸಾಗಿದರೆ, ಬ್ಯಾಗು ಹೆಗಲಿಗೇರಿಸಿದ ಹುಡುಗಿಯರು ಕೊಡೆ ಬಿಚ್ಚಿ ಕಾಲೇಜಿನ ದಾರಿ ಹಿಡಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಮಳೆಯ ಪಾಲು. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಅಡಿಕೆ ಕೊನೆಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು. ಮನೆಯಲ್ಲಿ ಎಲ್ಲ ಕೈಗಳಿಗೂ ಕೆಲಸ. ಚೆಂಡು ಚೆನ್ನಾಗಿ ಪುಟಿಯಬಲ್ಲ ಸಿಮೆಂಟು ಕಣಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಅವು ಪಾಚಿಗಟ್ಟಿ ಜಾರುತ್ತವೆ, ಬಿಸಿಲು ಬಂದಾಗ ಕಾಫಿ ಹರಡಿಕೊಳ್ಳುತ್ತವೆ.

ಎಡೇಹಳ್ಳಿ ಎಂದು ಹಿರಿಯರು ಇನ್ನೂ ಕರೆಯುವ ನರಸಿಂಹರಾಜಪುರದಲ್ಲಿ ಎದುರಾಗುವುದು ಬಸ್ಸಿನ ಪ್ರಶ್ನೆ. ಭದ್ರಾ ಹಿನ್ನೀರಿನ ಆಚೀಚೆ ಚದುರಿದ ಊರುಗಳಿಂದ ಬರುವ ಹುಡುಗಿಗೆ ತರಗತಿ ಮುಗಿದ ಮೇಲೆ ಒಂದು ಗಂಟೆ ಆಡುವುದೆಂದರೆ ಕೊನೆಯ ಬಸ್ಸಿನ ಲೆಕ್ಕ. 1991ರಲ್ಲಿ ಕಾರ್ಮಿಕರೇ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿತ್ತು, 2020ರಲ್ಲಿ ನಿಂತಿತು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ. ಖಾಸಗಿ ಬಸ್ಸೇ ಗತಿಯಾದ ದಾರಿಯಲ್ಲಿ ಅದರ ಪ್ರಯೋಜನ ಸಿಗುವುದಿಲ್ಲ.

ಮೂರೂ ಊರು ಸುತ್ತಿದ ಮೇಲೆ ಬ್ಯಾಸ್ಕೆಟ್‌ಬಾಲ್‌ನ ಹುಟ್ಟಿನ ಬಗ್ಗೆ ಮತ್ತೆ ಯೋಚಿಸಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅದನ್ನು ರೂಪಿಸಿದ್ದೇ ಹೊರಗೆ ಆಡಲಾಗದ ಚಳಿಗಾಲಕ್ಕಾಗಿ. ಮರುವರ್ಷವೇ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ನಿಯಮಗಳನ್ನು ಹೊಂದಿಸಿ ತನ್ನ ವಿದ್ಯಾರ್ಥಿನಿಯರಿಂದ ಆಡಿಸಿದರು. ಹವಾಮಾನ ಹೊರಗಿನ ಆಟವನ್ನು ತಡೆದ ಊರಿನಲ್ಲಿ, ಸೂರಿನಡಿ ಹುಟ್ಟಿ, ತಕ್ಷಣ ಮಹಿಳಾ ಕಾಲೇಜಿಗೆ ಬಂದ ಆಟ ಅದು. ಅಂಥ ಆಟಕ್ಕೆ ಮಲೆನಾಡಿಗಿಂತ ತಕ್ಕ ಜಾಗ ಯಾವುದು?

ಬೇಕಿರುವುದು ತಾಲ್ಲೂಕಿಗೊಂದು ಗಟ್ಟಿ ನೆಲದ ಅಂಕಣ, ಅದರ ಮೇಲೆ ಶೀಟಿನ ಚಾವಣಿ. ಅದರಡಿ ಬ್ಯಾಸ್ಕೆಟ್‌ಬಾಲ್ ಜೊತೆಗೆ ಥ್ರೋಬಾಲ್, ಕಬಡ್ಡಿಗೂ ಗೆರೆ ಎಳೆಯಬಹುದು. ಅಭ್ಯಾಸ ಮುಗಿದ ಮೇಲೆ ಹಳ್ಳಿಗಳ ಕಡೆಗೆ ಒಂದು ಬಸ್ಸು. ಕೆಸರಿನಲ್ಲೂ ಚೆಂಡು ಬಿಡದ ಹುಡುಗಿಯರು ತಮ್ಮ ಪಾಲಿನದನ್ನು ಈಗಾಗಲೇ ಮಾಡಿದ್ದಾರೆ. ಈ ಎರಡನ್ನು ಒದಗಿಸುವ ಹೊಣೆ ಹಿರಿಯರಾದ ನಮ್ಮದು.